ಗುಂಡಿನ ಸದ್ದು, ನಮ್ಮ ಕಿವಿ: ಶೂಟಿಂಗ್ ರೇಂಜ್‌ಗೆ ಹೋಗುವವರಿಗೆ ಕಿವಿ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬಂದೂಕಿನ ಸದ್ದು ಕಡಿಮೆ ಮಾಡುವ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ನಳಿಕೆಯ ತುದಿಗೆ ಹಾಕುವ ಸೈಲೆನ್ಸರ್. ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಅಮೆರಿಕನ್ ಎಂಜಿನಿಯರ್ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನ ತಂದೆ ಮ್ಯಾಕ್ಸಿಮ್ ಮೆಷಿನ್ ಗನ್ ಮಾಡಿದವನು. ಜೀವನವಿಡೀ ಗುಂಡಿನ ಸದ್ದಿನ ಪಕ್ಕದಲ್ಲೇ ಕಳೆದ ಆ ತಂದೆಗೆ ಕೊನೆಕೊನೆಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ.

ಸಿನಿಮಾದಲ್ಲಿ ಸೈಲೆನ್ಸರ್ ಹಾಕಿದ ಪಿಸ್ತೂಲು 'ಪುಸ್' ಅನ್ನುತ್ತದೆ. ನಿಜದಲ್ಲಿ ಹಾಗಿಲ್ಲ. ಒಳ್ಳೆಯ ಸೈಲೆನ್ಸರ್ ಕೂಡ ಸುಮಾರು 20ರಿಂದ 30 ಡೆಸಿಬೆಲ್ ಇಳಿಸುತ್ತದೆ, ಅಷ್ಟೇ. ದೊಡ್ಡ ರೈಫಲ್‌ನಲ್ಲಿ ಅಷ್ಟು ಕಳೆದರೂ 130-140ರ ಆಸುಪಾಸು ಉಳಿಯುತ್ತದೆ. ಅದರ ಮೇಲೆ, ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೆ ಅದು ಗಾಳಿ ಸೀಳುವ ಚಟಾರ್ ಸದ್ದನ್ನು ನಳಿಕೆಗೆ ಏನು ಹಾಕಿದರೂ ತಡೆಯಲಾಗುವುದಿಲ್ಲ. ಹಲವು ದೇಶಗಳಲ್ಲಿ ಸೈಲೆನ್ಸರ್‌ಗೆ ಲೈಸೆನ್ಸ್ ಬೇಕು, ಎಷ್ಟೋ ಕಡೆ ಸಾಮಾನ್ಯ ಜನ ಇಟ್ಟುಕೊಳ್ಳುವುದೇ ಅಪರಾಧ. ಹಾಗಾಗಿ ನಿಮ್ಮ ಕೈಲಿ ಇರುವ ಜಾಗ ಒಂದೇ: ನಿಮ್ಮ ಕಿವಿ. ಅಲ್ಲಿ ಸದ್ದನ್ನು ಸರಿಯಾಗಿ ತಡೆಯುವುದು ಹೇಗೆ ಅನ್ನುವುದಷ್ಟೇ ಈ ಬರಹದ ವಿಷಯ. ಕಾನೂನಿನ ತಲೆನೋವಿಲ್ಲ, ಖರ್ಚೂ ಜಾಸ್ತಿ ಇಲ್ಲ. ಆದರೆ ಬಹಳಷ್ಟು ಜನ ಇದನ್ನು ತಪ್ಪಾಗಿಯೇ ಮಾಡುತ್ತಾರೆ.

ಮೊದಲು, ಸದ್ದು ಎಷ್ಟಿರುತ್ತದೆ ಅನ್ನುವುದು ತಿಳಿದಿರಲಿ

ಡೆಸಿಬೆಲ್ ಲೆಕ್ಕ ಸ್ವಲ್ಪ ಮೋಸದ್ದು. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ. 10 ಏರಿದರೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಆದ್ದರಿಂದ '140ಕ್ಕೂ 160ಕ್ಕೂ ಏನು ಮಹಾ ವ್ಯತ್ಯಾಸ' ಅಂದುಕೊಳ್ಳಬೇಡಿ.

ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆ 85 ಡೆಸಿಬೆಲ್ ದಾಟಬಾರದು ಎಂಬುದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮಿತಿ. ಗುಂಡಿನಂಥ ದಿಢೀರ್ ಸದ್ದಿಗೆ ಗಂಟೆಗಳ ಲೆಕ್ಕ ನಡೆಯುವುದಿಲ್ಲ. ಅದಕ್ಕೆ 140 ಡೆಸಿಬೆಲ್ ಪೀಕ್ (ಸದ್ದು ಒಂದು ಕ್ಷಣ ಮುಟ್ಟುವ ತುದಿಮಟ್ಟ) ಎಂಬ ಗೆರೆ ಹಾಕಿದ್ದಾರೆ. ಬರಿಗಿವಿಗೆ ಅದನ್ನು ಮೀರಿದ ಸದ್ದು ಒಂದು ಸಲವೂ ಬೀಳಬಾರದು.

ಪಾಯಿಂಟ್ ಟೂಟೂ (.22 ಅಂಗುಲದ ಸಣ್ಣ ಗುಂಡಿನ) ರೈಫಲ್ ಈ ಗೆರೆಯ ಹತ್ತಿರವೇ ನಿಲ್ಲುತ್ತದೆ. ಅದೇ ಗುಂಡಿನ ಪಿಸ್ತೂಲು ಗೆರೆ ದಾಟುತ್ತದೆ, ಯಾಕೆಂದರೆ ನಳಿಕೆ ಗಿಡ್ಡ, ಬಾಯಿ ನಿಮ್ಮ ಮುಖಕ್ಕೆ ಹತ್ತಿರ. ಸೆಂಟರ್‌ಫೈರ್ (ಇದಕ್ಕಿಂತ ಬಲವಾದ ಕಾಡತೂಸಿನ) ಪಿಸ್ತೂಲು, ಶಾಟ್‌ಗನ್, ದೊಡ್ಡ ರೈಫಲ್ ಎಲ್ಲವೂ 150 ದಾಟುತ್ತವೆ. ಕೆಲವು 160ನ್ನೂ ಮೀರುತ್ತವೆ. ಏರ್ ರೈಫಲ್ ಇವುಗಳಿಗಿಂತ ಎಷ್ಟೋ ಮೆತ್ತಗೆ. ಆದರೂ ಮುಚ್ಚಿದ ಹಾಲ್‌ನಲ್ಲಿ ಸಾಲಾಗಿ ನಿಂತು ಗಂಟೆಗಟ್ಟಲೆ ಹೊಡೆಯುವಾಗ ಒಂದು ಜೊತೆ ಫೋಮ್ ಪ್ಲಗ್ ಹಾಕಿಕೊಂಡರೆ ನಷ್ಟವಿಲ್ಲ.

'ಕಿವಿ ತಾನೇ ಹೊಂದಿಕೊಳ್ಳುತ್ತೆ' ಅನ್ನುವ ಮಾತು ರೇಂಜ್‌ನಲ್ಲಿ ಆಗಾಗ ಕೇಳುತ್ತದೆ. ಇದು ಪೂರ್ತಿ ಸುಳ್ಳು. ಜೋರು ಸದ್ದು ಬಂದಾಗ ಬಿಗಿಯಾಗುವ ಪುಟ್ಟ ಸ್ನಾಯು ನಮ್ಮ ಮಧ್ಯಕಿವಿಯಲ್ಲಿ ಇದೆ, ನಿಜ. ಆದರೆ ಅದು ಎಚ್ಚೆತ್ತುಕೊಳ್ಳಲು ಹತ್ತಾರು ಮಿಲಿಸೆಕೆಂಡ್ ಬೇಕು. ಗುಂಡಿನ ಸದ್ದು ಕೆಲವೇ ಮಿಲಿಸೆಕೆಂಡ್‌ನಲ್ಲಿ ಒಳಗೆ ಹೋಗಿ ಕೆಲಸ ಮುಗಿಸಿರುತ್ತದೆ.

ಒಳಗೆ ಆಗುವುದೇನು? ಒಳಕಿವಿಯ ಕಾಕ್ಲಿಯಾ ಎಂಬ ಭಾಗದಲ್ಲಿ ಸದ್ದು ಹಿಡಿಯುವ ಸುಮಾರು 15,000 ರೋಮಕೋಶಗಳಿವೆ. ಹುಲ್ಲಿನ ಮೇಲೆ ನಡೆದರೆ ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತದೆ, ತುಳಿಯುತ್ತಲೇ ಇದ್ದರೆ ಅಲ್ಲಿ ಬರಿ ಮಣ್ಣಿನ ದಾರಿ ಉಳಿಯುತ್ತದೆ ಅಲ್ವಾ, ಈ ಕೋಶಗಳ ಕಥೆಯೂ ಹಾಗೆಯೇ. ವ್ಯತ್ಯಾಸ ಇಷ್ಟೇ: ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 3,000ದಿಂದ 6,000 ಹರ್ಟ್ಸ್ ನಡುವಿನ ತೀಕ್ಷ್ಣ ಸದ್ದುಗಳನ್ನು ಹಿಡಿಯುವವು. ಸ, ಶ, ಚ, ತ ಥರದ ವ್ಯಂಜನಗಳ ಮೊನಚು ಇರುವುದು ಅಲ್ಲೇ. ಅದಕ್ಕೇ ಕಿವಿ ಕೆಟ್ಟವರು 'ಸದ್ದು ಕೇಳುತ್ತೆ, ಮಾತು ಅರ್ಥವಾಗಲ್ಲ' ಅನ್ನುತ್ತಾರೆ. ಸ್ವರ ಕೇಳುತ್ತದೆ, ವ್ಯಂಜನ ಕಳೆದುಹೋಗುತ್ತದೆ.

ಬಲಗೈಯಲ್ಲಿ ರೈಫಲ್ ಹೊಡೆಯುವವರಿಗೆ ಸಾಮಾನ್ಯವಾಗಿ ಎಡಗಿವಿ ಮೊದಲು ಕೆಡುತ್ತದೆ. ಕೆನ್ನೆಯನ್ನು ಬಂದೂಕಿನ ಹಿಡಿಗೆ (ಭುಜಕ್ಕೆ ಆನಿಸುವ ಹಿಂಭಾಗಕ್ಕೆ) ಒತ್ತಿದಾಗ ಎಡಗಿವಿ ನಳಿಕೆಯ ಬಾಯಿಯ ಕಡೆ ತಿರುಗಿರುತ್ತದೆ. ಬಲಗಿವಿಗೆ ತಲೆಯೇ ಅಡ್ಡ ನಿಲ್ಲುತ್ತದೆ.

ಹಂತ 1: ಏನು ಕೊಳ್ಳಬೇಕು

ಬೇಕಾಗುವುದು ಎರಡು. ಕಿವಿಯ ಒಳಗೆ ಹೋಗುವ ಫೋಮ್ ಇಯರ್‌ಪ್ಲಗ್, ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್. 'ಎರಡರಲ್ಲಿ ಯಾವುದು ಒಳ್ಳೆಯದು' ಎಂದು ಕೇಳುವವರೇ ಜಾಸ್ತಿ. ನನ್ನ ಮಟ್ಟಿಗೆ ಆ ಪ್ರಶ್ನೆಯೇ ಸರಿಯಿಲ್ಲ. ಏರ್ ಗನ್ ಬಿಟ್ಟು ಬೇರೆ ಏನೇ ಹೊಡೆದರೂ ಎರಡನ್ನೂ ಒಟ್ಟಿಗೆ ಹಾಕಿ.

ಡಬ್ಬದ ಮೇಲೆ, ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನುವ ಒಂದು ಅಂಕಿ ಇರುತ್ತದೆ. ಅಮೆರಿಕದ ಮಾಲಿಗೆ ಎನ್‌ಆರ್‌ಆರ್, ಯುರೋಪಿನ ಮಾಲಿಗೆ ಎಸ್‌ಎನ್‌ಆರ್. ಇವೆರಡರ ಪರೀಕ್ಷೆಯೂ ಲೆಕ್ಕವೂ ಬೇರೆ, ಆದ್ದರಿಂದ ಒಂದನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸಬೇಡಿ. ಎರಡೂ ಲ್ಯಾಬ್‌ನಲ್ಲಿ, ನಿಗಾ ಇಟ್ಟು ತೊಡಿಸಿ ಬಂದ ಅಂಕಿಗಳು. ಹೊರಗಡೆ, ಅವಸರದಲ್ಲಿ, ನಾವು ನೀವು ಹಾಕಿಕೊಂಡಾಗ ಅಷ್ಟು ಸಿಗುವುದಿಲ್ಲ.

ಎಷ್ಟು ಸಿಗುತ್ತದೆ? ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1998ರಲ್ಲಿ ಒಂದು ಸುಲಭ ಲೆಕ್ಕ ಕೊಟ್ಟಿತು. ಮಫ್ ಆದರೆ ಲೇಬಲ್ ಅಂಕಿಯಲ್ಲಿ ಕಾಲು ಭಾಗ ಕಳೆಯಿರಿ. ಫೋಮ್ ಪ್ಲಗ್ ಆದರೆ ಅರ್ಧ ಕಳೆಯಿರಿ. ಬೇರೆ ಥರದ ಪ್ಲಗ್ ಆದರೆ ನೂರಕ್ಕೆ ಎಪ್ಪತ್ತು ಭಾಗ ಕಳೆಯಿರಿ. ಈಗ ಅಂಗಡಿಯಲ್ಲಿ 32 ಎಂದು ಬರೆದ ಫೋಮ್ ಪ್ಲಗ್, 24 ಎಂದು ಬರೆದ ಮಫ್ ಪಕ್ಕಪಕ್ಕ ಇವೆ ಅಂದುಕೊಳ್ಳಿ. ಪ್ಲಗ್‌ಗೆ ಉಳಿಯುವುದು 16, ಮಫ್‌ಗೆ 18. ದೊಡ್ಡ ಅಂಕಿಯದ್ದೇ ಹಿಂದೆ ಬಿತ್ತು. ಪ್ಲಗ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಸರಿಯಾಗಿ ಕೂತ ಫೋಮ್ ಪ್ಲಗ್‌ನ್ನು ಮೀರಿಸುವುದು ಕಷ್ಟ. ಆದರೆ ಅದನ್ನು ಸರಿಯಾಗಿ ಕೂರಿಸುವವರು ಕಡಿಮೆ. ಮಫ್‌ನ್ನು ತಪ್ಪಾಗಿ ಹಾಕುವುದು ಅಷ್ಟು ಸುಲಭವಲ್ಲ.

ಎರಡೂ ಹಾಕಿದರೆ ಅಂಕಿಗಳನ್ನು ಕೂಡಿಸಬಹುದಾ? ಇಲ್ಲ. ಜಾಸ್ತಿ ಇರುವುದಕ್ಕೆ ಸುಮಾರು 5 ಡೆಸಿಬೆಲ್ ಸೇರಿಸಿಕೊಳ್ಳುವುದು ವಾಡಿಕೆ. 'ಬರೀ 5ಕ್ಕಾಗಿ ಇಷ್ಟೆಲ್ಲಾ ಯಾಕೆ' ಅನ್ನಿಸಿದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, 5 ಡೆಸಿಬೆಲ್ ಅಂದರೆ ಒಳಗೆ ಹೋಗುವ ಶಕ್ತಿ ಮೂರನೇ ಒಂದಕ್ಕೆ ಇಳಿದ ಹಾಗೆ. ಇನ್ನೊಂದು ಲಾಭವೂ ಇದೆ, ನನಗೆ ಅದೇ ದೊಡ್ಡದು. ಒಂದು ಜಾರಿದರೆ ಇನ್ನೊಂದು ಕಾಯುತ್ತದೆ.

ಇದಕ್ಕಿಂತ ಮೇಲೆ ಹೋಗಲು ಏನು ಹಾಕಿದರೂ ಆಗದ ಒಂದು ಮಿತಿ ಇದೆ. ಸದ್ದು ಕಿವಿಯ ತೂತಿನಿಂದ ಮಾತ್ರ ಒಳಗೆ ಹೋಗುವುದಿಲ್ಲ, ತಲೆಬುರುಡೆಯ ಮೂಳೆಯಿಂದಲೂ ಹೋಗುತ್ತದೆ. ಸುಮಾರು 40ರಿಂದ 50 ಡೆಸಿಬೆಲ್ ತಡೆದ ಮೇಲೆ ಮೂಳೆಯ ದಾರಿಯೇ ಮುಖ್ಯ ದಾರಿಯಾಗುತ್ತದೆ.

ಎಲೆಕ್ಟ್ರಾನಿಕ್ ಮಫ್ ಬಗ್ಗೆ ಸ್ವಲ್ಪ ಹೇಳಬೇಕು. ಇದರ ಹೊರಗೆ ಮೈಕ್ ಇರುತ್ತದೆ, ಒಳಗೆ ಸ್ಪೀಕರ್ ಇರುತ್ತದೆ. ಮಾತು, ರೇಂಜ್ ಆಫೀಸರ್ ಕೊಡುವ ಆಜ್ಞೆ ಕೇಳಿಸುತ್ತದೆ. ಗುಂಡಿನ ಸದ್ದು ಬಂದ ಕೂಡಲೇ ಸ್ಪೀಕರ್ ತನ್ನ ಸದ್ದನ್ನು ಸುಮಾರು 82-85 ಡೆಸಿಬೆಲ್‌ಗೆ ಮಿತಿಗೊಳಿಸುತ್ತದೆ. ಇದರ ನಿಜವಾದ ಉಪಯೋಗ ಬೇರೆ ಕಡೆ ಇದೆ. ಸಾದಾ ಮಫ್ ಹಾಕಿಕೊಂಡವರು ಯಾರೋ ಮಾತಾಡಿಸಿದರು ಎಂದು ಕಿವಿ ಮುಚ್ಚಿದ ಒಂದು ಕಪ್ ಎತ್ತುತ್ತಾರೆ, ಅದೇ ಹೊತ್ತಿಗೆ ಪಕ್ಕದ ಲೇನ್‌ನಲ್ಲಿ ಗುಂಡು ಹಾರುತ್ತದೆ. ಎಲೆಕ್ಟ್ರಾನಿಕ್ ಮಫ್ ಇದ್ದರೆ ಎತ್ತುವ ಪ್ರಮೇಯವೇ ಬರುವುದಿಲ್ಲ. ಆದರೆ ಅದು ತಡೆಯುವುದು ಪ್ಲಾಸ್ಟಿಕ್ ಕಪ್ ಮತ್ತು ಮೆತ್ತೆಯಿಂದಲೇ, ಬ್ಯಾಟರಿಯಿಂದ ಅಲ್ಲ. ಚೆಂದದ ತೆಳು ಮಾಡೆಲ್‌ಗಳ ಅಂಕಿ ಸಾದಾ ದಪ್ಪ ಮಫ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಅದಕ್ಕೆ ಒಳಗೆ ಫೋಮ್ ಪ್ಲಗ್ ಹಾಕಿ, ಮಫ್‌ನ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ. ಮಾತೂ ಕೇಳುತ್ತದೆ, ಕಿವಿಯೂ ಉಳಿಯುತ್ತದೆ. ಸ್ಪರ್ಧೆಗೆ ಹೋಗುವವರು ಮಾತ್ರ ಒಂದು ವಿಷಯ ನೋಡಿಕೊಳ್ಳಬೇಕು: ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದಲ್ಲಿ, ಧ್ವನಿ ಹಿಡಿಯುವ ಉಪಕರಣ ಇರುವ ಕಿವಿರಕ್ಷೆಯನ್ನು ಸ್ಪರ್ಧಿಗಳು ಫೀಲ್ಡ್ ಆಫ್ ಪ್ಲೇನಲ್ಲಿ (ಸ್ಪರ್ಧೆ ನಡೆಯುವ ಜಾಗದಲ್ಲಿ) ಹಾಕುವಂತಿಲ್ಲ.

ಅಚ್ಚು ತೆಗೆದು ಮಾಡಿಸುವ ಸಿಲಿಕೋನ್ ಪ್ಲಗ್ ಕೂಡ ಸಿಗುತ್ತದೆ. ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವ ತಜ್ಞರು) ನಿಮ್ಮ ಕಿವಿಯ ಅಚ್ಚು ತೆಗೆದುಕೊಳ್ಳುತ್ತಾರೆ. ದುಬಾರಿ, ಆದರೆ ಆರಾಮ. ಫೋಮ್ ಸರಿಯಾಗಿ ಕೂರದ ಕಿರಿದು ಕಿವಿ, ತುಂಬ ಡೊಂಕಾದ ಕಿವಿಯವರಿಗೆ ಇದು ವರ.

ಕೊಳ್ಳಬಾರದವು, ಬಳಸಬಾರದವು: ಹತ್ತಿ, ಟಿಶ್ಯೂ ಪೇಪರ್, ಬಟ್ಟೆ ಚೂರು. ಇವು ತಡೆಯುವುದು ಏನೇನೂ ಅಲ್ಲ ಎನ್ನುವಷ್ಟು ಕಡಿಮೆ. ಖಾಲಿ ಕಾಡತೂಸನ್ನು ಕಿವಿಗೆ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಅದು ಸಿಕ್ಕಿಹಾಕಿಕೊಂಡು ಆಸ್ಪತ್ರೆಯಲ್ಲಿ ತೆಗೆಸಬೇಕಾಗಬಹುದು. ಇನ್ನು ಹಾಡು ಕೇಳುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ವಿಮಾನದ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಬರುವ ಸದ್ದಿಗೆ ಮಾಡಿದ್ದು. ಗುಂಡಿಗೆ ಅದನ್ನು ನಂಬಬೇಡಿ.

ಹಂತ 2: ಫೋಮ್ ಪ್ಲಗ್ ಕೂರಿಸುವುದು

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಬಳಸುವವರು ಮಾಡುವ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಇವೆ.

ಕೈ ತೊಳೆದು ಒರೆಸಿಕೊಳ್ಳಿ. ರೇಂಜ್‌ಗೆ ಹೋದ ಮೇಲೆ ಹಾಕಿಕೊಳ್ಳುವುದಕ್ಕಿಂತ ಹೊರಗೆ, ಗಾಡಿ ನಿಲ್ಲಿಸಿದ ಜಾಗದಲ್ಲೇ ಹಾಕಿಕೊಳ್ಳುವುದು ಒಳ್ಳೆಯದು. ಮದ್ದಿನ ಪುಡಿ, ಸೀಸ ಮೆತ್ತಿದ ಬೆರಳಲ್ಲಿ ಕಿವಿಗೆ ಕೈ ಹಾಕುವುದು ತಪ್ಪುತ್ತದೆ.

ಪ್ಲಗ್‌ನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಇಟ್ಟು ನಿಧಾನವಾಗಿ ಉರುಳಿಸಿ. ಸುಕ್ಕಿಲ್ಲದ ಸಣ್ಣ ಕಡ್ಡಿಯಂತಾಗಬೇಕು. ಸುಮ್ನೆ ಹಿಸುಕಿದರೆ ಮಧ್ಯೆ ಮಡಿಕೆ ಬೀಳುತ್ತದೆ. ಆ ಮಡಿಕೆ ಕಿವಿಯೊಳಗೆ ಹೋದ ಮೇಲೂ ಹಾಗೇ ಉಳಿದು ಸದ್ದಿಗೆ ಕಾಲುವೆ ಮಾಡಿಕೊಡುತ್ತದೆ.

ಈಗ ಮುಖ್ಯವಾದದ್ದು. ಕಿವಿಯ ನಾಳ ನೇರವಾಗಿಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಅದು ಸ್ವಲ್ಪ ಡೊಂಕಾಗಿ ಹೋಗುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿಯಿರಿ. ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳ ನೇರವಾಗುತ್ತದೆ. ಬಲಗೈಯಲ್ಲಿ ಉರುಳಿಸಿದ ಪ್ಲಗ್‌ನ್ನು ತಕ್ಷಣ ಒಳಗೆ ತಳ್ಳಿ. ಬಾಯಿ ಸ್ವಲ್ಪ ತೆರೆದರೆ ಕೆಲವರಿಗೆ ಇನ್ನೂ ಸುಲಭ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಹಿಡಿದು ಮೂವತ್ತು ಸೆಕೆಂಡ್ ಇರಿ. ಫೋಮ್ ಉಬ್ಬುತ್ತಾ ಹೋಗುವಾಗ ಹೊರಗಿನ ಸದ್ದು ನಿಧಾನವಾಗಿ ದೂರ ಸರಿಯುವುದು ನಿಮಗೇ ಗೊತ್ತಾಗುತ್ತದೆ. ಚಳಿಯಲ್ಲಿ ಫೋಮ್ ಗಟ್ಟಿಯಾಗಿರುತ್ತದೆ, ಉಬ್ಬಲು ಜಾಸ್ತಿ ಹೊತ್ತು ಬೇಕು. ಅವಸರ ಮಾಡಬೇಡಿ.

ಸರಿಯಾಗಿ ಕೂತಿದೆಯಾ ಅಂತ ತಿಳಿಯುವುದು ಹೇಗೆ? ಕನ್ನಡಿ ಮುಂದೆ ನೇರ ನಿಂತು ನೋಡಿ. ಎದುರಿನಿಂದ ಪ್ಲಗ್‌ನ ಹಿಂಬದಿ ಕಾಣಬಾರದು. ಬಣ್ಣದ ಬಾಲ ಕಿವಿಯಿಂದ ಹೊರಗೆ ಇಣುಕುತ್ತಿದ್ದರೆ ಅರ್ಧವೇ ಹೋಗಿದೆ ಎಂದರ್ಥ. ಎರಡನೆಯ ಪರೀಕ್ಷೆ: ಜೋರಾಗಿ ಒಂದು, ಎರಡು, ಮೂರು ಎಂದು ಎಣಿಸಿ. ನಿಮ್ಮ ದನಿ ನಿಮಗೇ ದಪ್ಪವಾಗಿ, ತಲೆಯೊಳಗಿನಿಂದ ಬಂದ ಹಾಗೆ ಕೇಳಬೇಕು. ಎರಡೂ ಕಿವಿಗೆ ಒಂದೇ ಥರ ಕೇಳಬೇಕು. ಮೂರನೆಯದು: ಸದ್ದಿರುವ ಜಾಗದಲ್ಲಿ ಅಂಗೈಯಿಂದ ಎರಡೂ ಕಿವಿ ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಪ್ಲಗ್ ಚೆನ್ನಾಗಿ ಕೂತಿದ್ದರೆ ಮುಚ್ಚಿದಾಗಲೂ ತೆಗೆದಾಗಲೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇದ್ದರೆ ತೆಗೆದು ಮತ್ತೆ ಹಾಕಿ. ಅರ್ಧಂಬರ್ಧ ಕೂತಿದ್ದನ್ನು ಹಾಗೇ ಒತ್ತಿ ಒಳಗೆ ಕಳಿಸಲು ಆಗುವುದಿಲ್ಲ, ಆಗಲೇ ಉಬ್ಬಿರುತ್ತದೆ. ಹೊರಗೆ ತೆಗೆದು ಮತ್ತೆ ಉರುಳಿಸಿಯೇ ಹಾಕಬೇಕು.

ಮನೆಯಲ್ಲಿ ಒಂದೆರಡು ಸಂಜೆ ಇದನ್ನು ರೂಢಿ ಮಾಡಿಕೊಂಡರೆ ಸಾಕು, ಆಮೇಲೆ ಕೈ ತಾನಾಗೇ ಮಾಡುತ್ತದೆ.

ತೆಗೆಯುವಾಗ ಎಳೆದು ಕಿತ್ತುಬಿಡಬೇಡಿ. ಒಳಗೆ ಗಾಳಿ ಹಿಡಿದುಕೊಂಡಿರುತ್ತದೆ. ನಿಧಾನವಾಗಿ ತಿರುಗಿಸುತ್ತಾ ಬಿಡಿಸಿಕೊಳ್ಳಿ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆಯಲ್ಲಿ ತೂತಿದ್ದರೆ ಪ್ಲಗ್ ಹಾಕಲೇಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ಹಂತ 3: ಮಫ್ ಹಾಕುವುದು

ಇದು ಸುಲಭ, ಆದರೆ ಮೋಸ ಮಾಡುವುದು ಸಣ್ಣಪುಟ್ಟ ವಿಷಯದಲ್ಲಿ. ಮಫ್‌ನ ಮೆತ್ತೆ ಚರ್ಮಕ್ಕೆ ಸುತ್ತಲೂ ತಾಗಬೇಕು. ನಡುವೆ ಕೂದಲು, ಟೋಪಿ, ಕಿವಿಯೋಲೆ, ಮಾಸ್ಕ್‌ನ ದಾರ ಬಂದರೆ ಅಲ್ಲೊಂದು ಸಂದಿ ಬಿತ್ತು. ಕೂದಲನ್ನು ಹಿಂದಕ್ಕೆ ಸರಿಸಿ. ಕಿವಿ ಪೂರ್ತಿ ಕಪ್ಪಿನೊಳಗೆ ಬರಲಿ. ಪಟ್ಟಿ ನೆತ್ತಿಯ ಮೇಲೆ ಬಿಗಿಯಾಗಿ ಕೂರುವಂತೆ ಎರಡೂ ಕಡೆ ಸಮನಾಗಿ ಸರಿಮಾಡಿ.

ಕನ್ನಡಕ ದೊಡ್ಡ ತಲೆನೋವು. ಶೂಟಿಂಗ್‌ನಲ್ಲಿ ಕಣ್ಣಿಗೆ ರಕ್ಷೆ ಬೇಕೇ ಬೇಕು, ಅದನ್ನು ಬಿಡುವ ಹಾಗಿಲ್ಲ. ಆದರೆ ಕನ್ನಡಕದ ಕಡ್ಡಿ ದಪ್ಪ ಇದ್ದಷ್ಟೂ ಮೆತ್ತೆ ಎತ್ತಿ ನಿಲ್ಲುತ್ತದೆ. ತೆಳ್ಳನೆ, ಚಪ್ಪಟೆ ಕಡ್ಡಿಯ ಕನ್ನಡಕ ಆರಿಸಿ. ಸಾಧ್ಯವಾದರೆ ಜೆಲ್ ಮೆತ್ತೆಯ ಮಫ್ ಕೊಳ್ಳಿ, ಅದು ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ.

ರೈಫಲ್ ಹೊಡೆಯುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಖಾಲಿ ಬಂದೂಕನ್ನು, ಖಾಲಿ ಎಂದು ಎರಡು ಸಲ ನೋಡಿದ ಮೇಲೆ, ರೇಂಜ್‌ನಲ್ಲಿ ಅನುಮತಿ ಇರುವ ಹೊತ್ತಲ್ಲಿ ಭುಜಕ್ಕೆ ಇಡಿ. ಕೆನ್ನೆ ಹಿಡಿಗೆ ತಾಗಿಸಿ. ಆಗ ಆ ಬದಿಯ ಕಪ್ಪಿನ ಕೆಳತುದಿ ಹಿಡಿಗೆ ತಗುಲಿ ಮೇಲೆದ್ದು ಬರುತ್ತದಾ ನೋಡಿ. ದಪ್ಪ ಕಪ್ಪಿನ ಮಫ್‌ಗಳಲ್ಲಿ ಇದು ಬಹಳ ಸಾಮಾನ್ಯ. ನಿಂತಿರುವಾಗ ಬಿಗಿಯಾಗಿದ್ದ ಮಫ್, ಟ್ರಿಗರ್ ಎಳೆಯುವ ಕ್ಷಣದಲ್ಲಿ ತೆರೆದುಕೊಂಡಿರುತ್ತದೆ! ಕೆಳಭಾಗ ಕತ್ತರಿಸಿದಂತಿರುವ ತೆಳು ಕಪ್ಪಿನ ಮಾಡೆಲ್ ಇದಕ್ಕೆಂದೇ ಸಿಗುತ್ತದೆ. ಮಲಗಿ ಹೊಡೆಯುವವರು ಮಲಗಿಯೇ ಪರೀಕ್ಷೆ ಮಾಡಿ, ಕತ್ತು ಹಿಂದಕ್ಕೆ ಬಾಗಿದಾಗ ಪಟ್ಟಿಯೂ ಜಾರುತ್ತದೆ. ಎರಡೂ ಹಾಕಿ ಅಂತ ನಾನು ಹಟ ಮಾಡುವುದಕ್ಕೆ ಮುಖ್ಯ ಕಾರಣ ಇದೇ.

ಹಂತ 4: ರೇಂಜ್‌ನಲ್ಲಿ ಎಲ್ಲಿ, ಹೇಗೆ ನಿಲ್ಲಬೇಕು

ಬಯಲಿನಲ್ಲಿ ಹೊಡೆದ ಗುಂಡಿನ ಸದ್ದು ಒಮ್ಮೆ ಬಂದು ಹೋಗುತ್ತದೆ. ಮುಚ್ಚಿದ ರೇಂಜ್‌ನಲ್ಲಿ ಅದೇ ಸದ್ದು ಗೋಡೆ, ಚಾವಣಿ, ನೆಲಕ್ಕೆ ಬಡಿದು ಮತ್ತೆ ಮತ್ತೆ ಬರುತ್ತದೆ. ಬರೀ ಕಾಂಕ್ರೀಟ್ ಗೋಡೆಯ ರೇಂಜ್‌ಗಿಂತ ಸದ್ದು ಹೀರುವ ಹಲಗೆ ಹಾಕಿದ ರೇಂಜ್ ಎಷ್ಟೋ ವಾಸಿ. ಆಯ್ಕೆ ಇದ್ದರೆ ಬಯಲು ರೇಂಜ್‌ಗೇ ಹೋಗಿ.

ಸದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವುದಿಲ್ಲ. ನಳಿಕೆಯ ಬಾಯಿಯ ಅಕ್ಕಪಕ್ಕ ಜಾಸ್ತಿ, ಹಿಂದೆ ಕಡಿಮೆ. ಮಝಲ್ ಬ್ರೇಕ್ (ಒದೆತ ತಗ್ಗಿಸಲು ನಳಿಕೆಯ ತುದಿಗೆ ಹಾಕುವ ಸಾಧನ) ಹಾಕಿದ ರೈಫಲ್ ಆದರೆ ಅನಿಲವೆಲ್ಲಾ ಪಕ್ಕಕ್ಕೆ ನುಗ್ಗುತ್ತದೆ. ಹೊಡೆಯುವವನಿಗೆ ಒದೆತ ಕಡಿಮೆ, ಪಕ್ಕದವನಿಗೆ ಪೆಟ್ಟು ಜಾಸ್ತಿ. ಪಕ್ಕದ ಲೇನ್‌ಗೆ ಅಂಥ ರೈಫಲ್ ಬಂದರೆ ಸಂಕೋಚ ಬಿಟ್ಟು ದೂರದ ಲೇನ್ ಕೇಳಿ. ಗಿಡ್ಡ ನಳಿಕೆಯ ರೈಫಲ್‌ಗೂ ಇದೇ ಮಾತು. ನಿಮ್ಮ ಸರದಿ ಇಲ್ಲದಾಗ ಗುಂಡಿನ ಸಾಲಿನ ಪಕ್ಕ ನಿಂತು ನೋಡಬೇಡಿ, ಹಿಂದಕ್ಕೆ ಹೋಗಿ ಕೂರಿ. ದೂರ ಇಮ್ಮಡಿಯಾದರೆ ಬಯಲಲ್ಲಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಒಂದು ನಿಯಮ ಮಾಡಿಕೊಳ್ಳಿ. ಬಾಗಿಲು ದಾಟುವ ಮೊದಲು ಹಾಕಿ, ಬಾಗಿಲಿನಿಂದ ಹೊರಗೆ ಬಂದ ಮೇಲೆ ತೆಗೆಯಿರಿ. ನಡುವೆ ಏನೇ ಆದರೂ ಕೈ ಕಿವಿಗೆ ಹೋಗಬಾರದು. ಫೋನ್ ಬಂತಾ, ಹೊರಗೆ ಹೋಗಿ ಮಾತಾಡಿ. ಪ್ಲಗ್ ಜಾರಿತು ಅನ್ನಿಸಿತಾ, ಬಂದೂಕು ಖಾಲಿ ಮಾಡಿ ಕೆಳಗಿಟ್ಟು, ಹೊರಗೆ ಹೋಗಿ ಸರಿಮಾಡಿಕೊಳ್ಳಿ. ಆಜ್ಞೆ ಕೇಳಿಸದಿದ್ದರೆ ಅಪಾಯ ಅನ್ನುವುದೂ ನಿಜ. ಅದಕ್ಕೆ ಶುರು ಮಾಡುವ ಮೊದಲೇ ಜೊತೆಯವರ ಹತ್ತಿರ, ರೇಂಜ್ ಆಫೀಸರ್ ಹತ್ತಿರ ಕೈಸನ್ನೆ ಮಾತಾಡಿಕೊಳ್ಳಿ: ನಿಲ್ಲಿಸು, ಖಾಲಿ ಮಾಡು, ಹಿಂದೆ ಬಾ. ಇಷ್ಟು ಗೊತ್ತಿದ್ದರೆ ಸಾಕು.

ಬ್ರೇಕ್ ತೆಗೆದುಕೊಳ್ಳಿ. ಎಷ್ಟು ಗುಂಡು ಎಂಬುದು ಲೆಕ್ಕಕ್ಕೆ ಬರುತ್ತದೆ. ನೂರು ಗುಂಡು ಹೊಡೆದ ದಿನ ಕಿವಿಗೆ ಬಿದ್ದ ಹೊರೆ ಹತ್ತು ಗುಂಡಿನ ಹತ್ತು ಪಟ್ಟು. ದೊಡ್ಡ ಕ್ಯಾಲಿಬರ್ ಅಭ್ಯಾಸವನ್ನು ಬೇರೆ ಬೇರೆ ದಿನಕ್ಕೆ ಹಂಚಿ. ಅದೇ ದಿನ ಕಾರ್ಯಕ್ರಮ, ಸ್ಪೀಕರ್, ಡ್ರಿಲ್ಲಿಂಗ್ ಮೆಷಿನ್ ಬೇಡ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ: ದೊಡ್ಡವರ ಮಫ್ ಮಕ್ಕಳ ತಲೆಗೆ ಸಡಿಲ. ಪುಟ್ಟ ಅಳತೆಯದ್ದು ಸಿಗುತ್ತದೆ, ಅದನ್ನೇ ತನ್ನಿ. ಗರ್ಭಿಣಿಯರು ರೇಂಜ್‌ನಿಂದ ದೂರ ಇರುವುದೇ ಒಳ್ಳೆಯದು. ಮಗುವಿನ ಕಿವಿಗೆ ಹೊರಗಿನಿಂದ ಮಫ್ ಹಾಕಲು ಆಗುವುದಿಲ್ಲ, ಮೇಲೆ ಸೀಸದ ಹೊಗೆ ಬೇರೆ.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಬೋನಸ್ ಕೂಡ ಉಂಟು. ಹೊಸಬರು ಗುರಿ ತಪ್ಪುವುದಕ್ಕೆ ದೊಡ್ಡ ಕಾರಣ ಬೆಚ್ಚುವುದು. ಸದ್ದು ಬರುತ್ತದೆ ಎಂದು ಮೈ ಮೊದಲೇ ಬಿಗಿಹಿಡಿಯುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರ್ ಜಗ್ಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಎಷ್ಟೋ ಸಲ ಒದೆತಕ್ಕಿಂತ ಸದ್ದೇ ಹೆದರಿಸುವುದು. ಎರಡು ಪದರ ಕಿವಿರಕ್ಷೆ ಹಾಕಿಸಿ ನೋಡಿ, ಗುಂಡು ಬಿದ್ದ ತೂತುಗಳ ಗುಂಪು ಕಿರಿದಾಗುವುದು ಗುರಿಯ ಕಾಗದದ ಮೇಲೇ ಕಾಣುತ್ತದೆ.

ಹಂತ 5: ಮನೆಗೆ ಬಂದ ಮೇಲೆ

ಕೈ, ಮುಖ ತೊಳೆಯಿರಿ. ಫೋಮ್ ಪ್ಲಗ್ ಬಿಸಾಡಿ. ಒಂದೇ ಜೊತೆಯನ್ನು ತಿಂಗಳುಗಟ್ಟಲೆ ಜೇಬಲ್ಲಿ ಇಟ್ಟುಕೊಂಡು ತಿರುಗುವವರು ಇದ್ದಾರೆ. ಕೊಳೆಯಾದ, ಗಟ್ಟಿಯಾದ ಫೋಮ್ ಉಬ್ಬುವುದಿಲ್ಲ, ಕಿವಿಗೆ ಸೋಂಕನ್ನೂ ತರುತ್ತದೆ. ಮಫ್‌ನ ಮೆತ್ತೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪಟ್ಟಿಯನ್ನು ಅಗಲಿಸಿ ನೇತುಹಾಕಬೇಡಿ, ಬಿಗಿ ಕಳೆದುಕೊಳ್ಳುತ್ತದೆ. ಬಿಸಿಲಿಗೆ ಬಿದ್ದ ಕಾರಿನೊಳಗೂ ಬಿಡಬೇಡಿ. ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಮಫ್ ಅರ್ಧ ಸತ್ತ ಹಾಗೆ. ಒಳ್ಳೆಯ ಕಂಪನಿಗಳು ಮೆತ್ತೆಯ ಬದಲಿ ಕಿಟ್ ಮಾರುತ್ತವೆ. ದಿನವೂ ಬಳಸುವವರು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ.

ಈಗ ಕಿವಿಯ ಮಾತು ಕೇಳಿಸಿಕೊಳ್ಳಿ. ಗುಂಯ್ ಅನ್ನುತ್ತಿದೆಯಾ? ಹತ್ತಿ ತುಂಬಿದ ಹಾಗೆ ಮಂದವಾಗಿದೆಯಾ? ಹಾಗಿದ್ದರೆ ಇವತ್ತು ಸದ್ದು ಒಳಗೆ ಹೋಗಿದೆ ಎಂದೇ ಅರ್ಥ. 'ಬೆಳಗ್ಗೆ ಹೊತ್ತಿಗೆ ಸರಿಹೋಯ್ತು' ಎಂದು ಸಮಾಧಾನ ಪಟ್ಟುಕೊಳ್ಳುವುದು ಸುಲಭ. ಆದರೆ 2009ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಬೇರೆಯದೇ ಹೇಳಿತು. ಜೋರು ಸದ್ದು ಕೇಳಿಸಿದ ಮೇಲೆ ಅವುಗಳ ಕೇಳುವ ಮಟ್ಟ ಮತ್ತೆ ಮೊದಲಿನ ಹಾಗಾಯಿತು. ರೋಮಕೋಶಗಳೂ ಉಳಿದಿದ್ದವು. ಆದರೆ ಆ ಕೋಶಕ್ಕೂ ನರಕ್ಕೂ ನಡುವಿನ ಸಂಪರ್ಕಗಳು ಮಾತ್ರ ಮರಳಿ ಬರಲಿಲ್ಲ. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಹೀಗೆ ಅನ್ನುವ ಚರ್ಚೆ ನಡೆಯುತ್ತಲೇ ಇದೆ. ನಾನಂತೂ ಕಿವಿ ಗುಂಯ್ ಅಂದ ದಿನವನ್ನು ಎಚ್ಚರಿಕೆ ಎಂದೇ ತೆಗೆದುಕೊಳ್ಳಿ ಅನ್ನುತ್ತೇನೆ. ಪೂರ್ತಿ ಸರಿಹೋಗುವ ತನಕ ರೇಂಜ್ ಕಡೆ ಹೋಗಬೇಡಿ. ಹೋಗುವ ಮೊದಲು ಎಲ್ಲಿ ಸಂದಿ ಬಿತ್ತು ಎಂದು ಹುಡುಕಿ. ಒಂದೇ ಕಿವಿ ಗುಂಯ್ ಅಂದಿದ್ದರೆ ಆ ಬದಿಯ ಪ್ಲಗ್, ಕನ್ನಡಕದ ಕಡ್ಡಿ, ಹಿಡಿಗೆ ತಾಗುವ ಕಪ್, ಈ ಮೂರನ್ನೂ ಮೊದಲು ಅನುಮಾನಿಸಿ.

ಕೆಲವು ಲಕ್ಷಣಗಳಿಗೆ ಕಾಯುವ ಹಾಗಿಲ್ಲ. ಒಂದು ಕಿವಿ ದಿಢೀರನೆ ಕೇಳದಂತಾದರೆ, ತಲೆ ಸುತ್ತಿದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಗುಂಯ್‌ಗುಡುವಿಕೆ ಒಂದೆರಡು ದಿನದಲ್ಲಿ ನಿಲ್ಲದಿದ್ದರೂ ಹೋಗಿ. ದಿಢೀರ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ವಾರಗಟ್ಟಲೆ ಕಾದು ಹೋದರೆ ಡಾಕ್ಟರ್ ಕೈಲಿ ಉಳಿಯುವುದು ಕಡಿಮೆ. ಸ್ವಂತವಾಗಿ ಎಣ್ಣೆ, ಡ್ರಾಪ್ಸ್ ಹಾಕಬೇಡಿ.

ಹಂತ 6: ಕಿವಿಯ ಲೆಕ್ಕ ಇಟ್ಟುಕೊಳ್ಳಿ

ಹೊಸದಾಗಿ ಶೂಟಿಂಗ್ ಕಲಿಯುತ್ತಿದ್ದರೆ ಶುರುವಿನಲ್ಲೇ ಒಂದು ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ಗ್ರಾಫ್) ಮಾಡಿಸಿ. ಈಗಾಗಲೇ ವರ್ಷಗಳಿಂದ ಹೊಡೆಯುತ್ತಿದ್ದರೆ ಇವತ್ತಿನದೇ ಮೊದಲ ಲೆಕ್ಕ ಆಗಲಿ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರ ಇರಿ. ಇಲ್ಲದಿದ್ದರೆ ತಾತ್ಕಾಲಿಕ ಮಂದತನ ವರದಿಯಲ್ಲಿ ಸೇರಿಕೊಳ್ಳುತ್ತದೆ. ನೀವು ಶೂಟಿಂಗ್ ಮಾಡುತ್ತೀರಿ ಎಂದು ಆಡಿಯಾಲಜಿಸ್ಟ್‌ಗೆ ಹೇಳಿ. 3,000 ಮತ್ತು 6,000 ಹರ್ಟ್ಸ್‌ನಲ್ಲೂ ನೋಡಿ ಎಂದು ಕೇಳಿ, ಕೆಲವು ಕಡೆ ಸಾದಾ ಪರೀಕ್ಷೆಯಲ್ಲಿ ಇವನ್ನು ಬಿಟ್ಟುಬಿಡುತ್ತಾರೆ. ಗ್ರಾಫ್‌ನಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಕೆಳಗಿಳಿದು 8,000ದ ಹೊತ್ತಿಗೆ ಮತ್ತೆ ಮೇಲೇರಿದ್ದರೆ ಆ ಹಳ್ಳ ಸದ್ದಿನಿಂದ ಆದ ಪೆಟ್ಟಿನ ಗುರುತು ಇರಬಹುದು. ಎರಡೂ ಕಿವಿಯ ಗೆರೆ ಪಕ್ಕಪಕ್ಕ ಇಟ್ಟು ನೋಡಿ. ನಿಯಮಿತವಾಗಿ ಹೊಡೆಯುವವರು ವರ್ಷಕ್ಕೊಮ್ಮೆ ಮಾಡಿಸಿ, ಹಳೆಯ ವರದಿಗಳನ್ನೆಲ್ಲ ಒಂದೇ ಫೈಲ್‌ನಲ್ಲಿಟ್ಟು ಪ್ರತಿ ಸಲ ಜೊತೆಗೆ ಒಯ್ಯಿರಿ. ಒಂದು ವರದಿಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ, ಹೋದ ವರ್ಷದ್ದರ ಪಕ್ಕ ಇಟ್ಟಾಗಲೇ ಡಾಕ್ಟರಿಗೆ ಗೆರೆ ಎತ್ತ ಹೋಗುತ್ತಿದೆ ಎಂದು ಕಾಣುವುದು.